ಟೇಪು ಹಚ್ಚಿಟ್ಟ ತಂಪು

ನಮ್ಮ ಸೋದರಮಾವನ ಕಾರಿನಲ್ಲಿ ಎ.ಸಿ. ಗುಂಡಿಯ ಮೇಲೆ ಒಂದು ತುಂಡು ಬಿಳಿ ಟೇಪು ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಸಲಾಯಿನ್ ಸೂಜಿ ಅಲುಗದಂತೆ ಕೈಗೆ ಸುತ್ತುತ್ತಾರಲ್ಲ, ಆ ಟೇಪು. ಅದನ್ನು ಕೀಳುವ ಅಧಿಕಾರ ಇಡೀ ಇಂಡಿ ತಾಲೂಕಿನಲ್ಲಿ ಮಾವ ಒಬ್ಬರಿಗೇ ಇತ್ತು. ಅವರು ಎರಡು ಬೇಸಿಗೆ ಆ ಅಧಿಕಾರವನ್ನು ಚಲಾಯಿಸಲೇ ಇಲ್ಲ!

ಜೋಳವನ್ನು ಹಗೇವಿನಲ್ಲಿ ಹೂತಿಟ್ಟು ಕಾಲ ಕಳೆದವರ ವಂಶ ನಮ್ಮದು. ಜೋಳ ಕೂಡಿಡಬಹುದು, ತುಪ್ಪ ಕೂಡಿಡಬಹುದು. ತಂಪನ್ನು ಕೂಡಿಡಲು ಹೊರಟವರು ನಮ್ಮ ಮಾವ ಮಾತ್ರ.

ಅದಕ್ಕೆ ಕಾರಣ ಅತ್ತೆ. ಹೃದಯದ ಆಪರೇಶನ್ ಆದ ಮೇಲೆ ಅವರಿಗೆ ಬಿಸಿಲು ಕೂಡದು ಎಂದು ಡಾಕ್ಟರು ಹೇಳಿದ್ದರು. ಆದರೂ ಒಮ್ಮೆ ಬಸ್ಸಿನಲ್ಲಿ ತವರಿಗೆ ಹೊರಟು ದಾರಿಯಲ್ಲೇ ಎಚ್ಚರ ತಪ್ಪಿದರು. ಮಾವ ಮರುತಿಂಗಳೇ ನಿಂಬೆ ತೋಟದ ದುಡ್ಡಿನಲ್ಲಿ ಹಳೆಯ ಕಾರೊಂದನ್ನು ತಂದರು. ಅತ್ತೆಯ ಔಷಧಿ ಚೀಲದಿಂದ ಟೇಪು ಹರಿದು ಗುಂಡಿಗೆ ಹಚ್ಚಿ ಸಾರಿದರು: "ಇದರಾಗಿನ ಗ್ಯಾಸು ನಿಮ್ಮತ್ತಿ ತವರಮನಿ ದಾರಿಗೆ. ಯಾರೂ ಮುಟ್ಟಬ್ಯಾಡ್ರಿ." ತವರು ಬಸವನ ಬಾಗೇವಾಡಿ ತಾಲೂಕಿನ ಮಸೂತಿ.

ಸಿಂದಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಮಾಮಾ, ಅದು ಉರದು ಖರ್ಚಾಗೂ ಗ್ಯಾಸ್ ಅಲ್ರಿ. ಅಲ್ಲೇ ಸುತ್ತು ಹೊಡೀತೈತಿ. ನಡಸದ ಇಟ್ರನ ತ್ರಾಸು. ಒಳಗ ಎಣ್ಣಿ ಓಡಾಡಲಿಲ್ಲಂದ್ರ ರಬ್ಬರ್ ಸೀಲು ಒಣಗಿ ಗ್ಯಾಸು ಸಣ್ಣಗ ಸೋರತೈತಿ. ವಾರಕ್ಕೊಮ್ಮಿ ಹಚ್ರಿ."

"ಹೌದವಾ. ತುಪ್ಪದ ಗಡಗಿ ಮುಚ್ಚಿಟ್ರ ತುಪ್ಪ ಖಾಲಿ ಆಕ್ಕೈತಿ, ದಿನಾ ತಿಂದ್ರ ಉಳೀತೈತಿ. ಇದನ್ನ ಕಲಸಾಕ ನಿನಗ ಪಗಾರ ಕೊಡ್ತಾರ?"

ಭೌತಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಏಟು ಬಿದ್ದದ್ದು ನಾನು ಕಂಡಿಲ್ಲ.

ಒಮ್ಮೆ ಮುದ್ದೇಬಿಹಾಳದ ಬೀಗರು ಕಾರು ಹತ್ತಿ, ಬೆವರೊರೆಸಿಕೊಳ್ಳುತ್ತ "ಎ.ಸಿ. ಹಚ್ರಲಾ" ಎಂದರು. "ಹಚ್ಚೂಣ್ರಿ. ಆದ್ರ ಆ ಗಾಳಿಗೆ ಮೊಣಕಾಲು ಹಿಡೀತಾವ್ರಿ," ಎಂದರು ಮಾವ. ಬೀಗರು ಊರು ಮುಟ್ಟುವವರೆಗೂ ಇದ್ದ ಮೊಣಕಾಲುಗಳನ್ನೆಲ್ಲ ತಿಕ್ಕಿಕೊಳ್ಳುತ್ತ ಕುಳಿತರು!

ಹಾಗೆಂದು ಎ.ಸಿ. ಕಾರಿನ ಮರ್ಯಾದೆ ಬಿಡಲಾದೀತೆ? ಸಿಂದಗಿ ಪೇಟೆ ಹೊಕ್ಕ ಕೂಡಲೇ ನಾಲ್ಕೂ ಗಾಜು ಏರುತ್ತಿದ್ದವು. ಒಳಗೆ ನಾವು ಶೇಂಗಾ ಕುದಿದಂತೆ ಕುದಿಯುತ್ತಿದ್ದೆವು. ಒಂದು ದಿನ ಅವರ ಗೆಳೆಯರೊಬ್ಬರು ಗಾಜು ಬಡಿದು, ಮಾವನ ಮುಖ ನೋಡಿ ಗಾಬರಿಯಾದರು: "ಯಾಕ್ರಿ ಸಾಹುಕಾರ್ರ, ಅಳಾಕತ್ತೀರಿ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

ಈ ಬೇಸಿಗೆಯಲ್ಲಿ ಅತ್ತೆಯ ತಮ್ಮನಿಗೆ, ಹರಕೆಗಳೆಲ್ಲ ಮುಗಿದ ಮೇಲೆ, ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಲ್ಲಿ ಹಾಕುವ ದಿನ ಕೂಸಿನ ಕಿವಿಯಲ್ಲಿ 'ಕುರ್‌ರ್' ಎಂದು ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅತ್ತೆ ಹೋಗಲೇಬೇಕಿತ್ತು.

ನಸುಕಿನಲ್ಲೇ ಹೊರಡೋಣ ಎಂದೆ. "ಎ.ಸಿ. ಐತಿ, ಗಡಿಬಿಡಿ ಯಾಕ?" ಎಂದರು ಮಾವ. ಹೊರ್ತಿ ಹತ್ತಿರ ಬಿಸಿಲು ನೆತ್ತಿಗೇರಿತು. ಮಾವ ಪೂಜೆಗೆ ಕುಳಿತವರಂತೆ ಟೇಪು ಕಿತ್ತು, ಅದನ್ನೂ ಜೋಪಾನವಾಗಿ ಸ್ಟೇರಿಂಗ್ ಪಕ್ಕ ಅಂಟಿಸಿ, ಗುಂಡಿ ಒತ್ತಿದರು.

ರೊಟ್ಟಿ ಹಂಚಿನ ಮುಂದೆ ಕುಳಿತಂತಾಯಿತು.

"ಭಾಳ ದಿನ ಮಲಗಿತ್ತು. ಏಳತೈತಿ, ತಡೀರಿ."

ಏಳಲಿಲ್ಲ. ಅತ್ತೆಯ ತುಟಿ ಬಿಳಿಚತೊಡಗಿತು. ಮಾವ ಬೇವಿನ ಮರದಡಿ ಕಾರು ನಿಲ್ಲಿಸಿದರು. "ಹೊಳ್ಳಿ ಹೋಗೂಣು."

"ಹೊಳ್ಳಿ ಹೋಗಾಕ ನಾ ಈ ಸೀರಿ ಉಟ್ಟಿಲ್ಲ," ಎಂದರು ಅತ್ತೆ.

ಮಾವ ಇಳಿದು ಓಡಿದರು. ಹೊರ್ತಿಯ ಸೋಡಾ ಅಂಗಡಿಯಿಂದ ಐಸಿನ ಗಡ್ಡೆಯೊಂದನ್ನು ಎದೆಗವಚಿಕೊಂಡು ಬಂದರು. ನಿಂಬೆಹಣ್ಣಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರಲ್ಲಿ ಐಸಿಟ್ಟು, ಅತ್ತೆಯ ಪಾದಗಳನ್ನು ಮೇಲಿರಿಸಿದರು. ಯಾರಿಗೂ ಕೊಡದ ಕಾರಿನ ಕೀಲಿಯನ್ನು ನನ್ನ ಕೈಗಿತ್ತು, ತಾವು ಹಿಂದೆ ಕುಳಿತರು. ಕನ್ನಡಿಯಲ್ಲಿ ನೋಡಿದೆ. ಟವೆಲ್ಲನ್ನು ಐಸ್ ನೀರಿನಲ್ಲಿ ಅದ್ದಿ, ಹಿಂಡಿ, ಅತ್ತೆಯ ಕೊರಳಿಗೆ ಹಾಕುತ್ತಿದ್ದರು. ಮತ್ತೆ ಅದ್ದುತ್ತಿದ್ದರು.

ಹಿಂದಿನಿಂದ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದರು: "ಎರಡು ಬ್ಯಾಸಗಿ ಜ್ವಾಪಾನ ಮಾಡಿದ್ನಲ್ಲವಾ. ಎಲ್ಲಿ ಹೋತದು?"

ಉತ್ತರ ನನಗೆ ಗೊತ್ತಿತ್ತು. ರಸ್ತೆ ನೋಡುತ್ತ ಕಾರು ಓಡಿಸಿದೆ.

"ಎಲ್ಲಿ ಹೋಗತೈತಿ?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ನನ್ನ ಕಾಲ ಬುಡಕ ಐತಲ್ರಿ."

ಮಸೂತಿಯಲ್ಲಿ ಸಂಜೆ ಅತ್ತೆ ತೊಟ್ಟಿಲಿಗೆ ಬಾಗಿ 'ಕುರ್‌ರ್' ಎಂದರು. ಹೆಂಗಸರು ಮುಷ್ಟಿ ಎತ್ತಿದ್ದೇ ತಡ, ನಡುವೆ ಮಾವ ನುಗ್ಗಿ ಬೆನ್ನೊಡ್ಡಿದರು! "ಆಕಿ ಪಾಲಿಂದೂ ನನಗ ಹಾಕ್ರಿ!" ಮಸೂತಿಯ ಹೆಂಗಸರು ಸಂಕೋಚಪಡುವವರಲ್ಲ. ಧಾರಾಳವಾಗಿ ಹಾಕಿದರು.

ಮರುದಿನ ಬೆಳಿಗ್ಗೆ ಮಾವ ಬೆನ್ನು ನೀವಿಕೊಳ್ಳುತ್ತ ಇನ್ನೂ ಮಲಗಿದ್ದಾಗ, ನಾನು ಕಾರನ್ನು ಬಸವನ ಬಾಗೇವಾಡಿಗೆ ಒಯ್ದು ಸೀಲು ಬದಲಿಸಿ, ಗ್ಯಾಸು ತುಂಬಿಸಿಕೊಂಡು ಬಂದೆ. ಮನೆ ಮುಂದೆ ನಿಲ್ಲಿಸಿ, ಸ್ಟೇರಿಂಗ್ ಪಕ್ಕದ ಟೇಪು ಬಿಡಿಸಿದೆ. ಎ.ಸಿ. ಗುಂಡಿಯನ್ನು ಒಳಗೆ ಒತ್ತಿ, ಅದು ಹೊರಗೆ ಬಾರದಂತೆ ಮೇಲೆ ಟೇಪು ಅಂಟಿಸಿದೆ.