ಭಾವನ ಕಾರಿನ ಕ್ರೌನ್ ಪಿನಿಯನ್

ಗುಂಡ್ಲುಪೇಟೆಯಲ್ಲಿ ಮನುಷ್ಯ ಕಾಯಿಲೆ ಬಿದ್ದರೆ ನೋಡಲು ನಾಲ್ಕು ಜನ ಬರುತ್ತಾರೆ; ಗಾಡಿ ಕೆಟ್ಟು ನಿಂತರೆ ಬೀದಿಗೆ ಬೀದಿಯೇ ಬರುತ್ತದೆ. ಬಂದವರು ಬರಿಗೈಲಿ ಹೋಗುವುದಿಲ್ಲ, ಆಳಿಗೊಂದು ಅಭಿಪ್ರಾಯ ಇಟ್ಟು ಹೋಗುತ್ತಾರೆ. ನಮ್ಮ ಭಾವ ಆ ಹಳೇ ಕಾರು ತಂದ ಮೇಲಂತೂ ಇಂಥದ್ದು ವಾರಕ್ಕೊಂದು ನಡೆಯುತ್ತಿದೆ. ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಆ ತಪ್ಪಿಗೆ ಎಲ್ಲದಕ್ಕೂ ನನ್ನನ್ನು ಕರೆಯುತ್ತಾರೆ.

ಟವೆಲ್ ಹಾಕಿದ ಸೀಟು

ಭಾವನದು ಈರುಳ್ಳಿ ಮಂಡಿ. ಹುಟ್ಟಿದಾಗಿನಿಂದ ಲಾರಿ, ಟೆಂಪೊ, ಟ್ರ್ಯಾಕ್ಟರ್ ಬಿಟ್ಟರೆ ಬೇರೆ ಗಾಡಿಯ ಮುಖ ನೋಡಿದವರಲ್ಲ. ಐವತ್ತು ದಾಟಿದ ಮೇಲೆ ಏನಾಯಿತೋ, ನೀಲಗಿರಿ ಕಡೆಯ ಎಸ್ಟೇಟೊಂದರ ಶೆಡ್ಡಿನಿಂದ ಕೆಂಪು ಬಣ್ಣದ ಇಂಗ್ಲಿಷ್ ಸ್ಪೋರ್ಟ್ಸ್ ಕಾರೊಂದನ್ನು ಎಳೆಸಿಕೊಂಡು ಬಂದರು. ಕಾರಿಗೂ ಹೆಚ್ಚುಕಡಿಮೆ ಅವರದೇ ವಯಸ್ಸು. ಚಾವಣಿ ಇಲ್ಲ. ಇರುವುದು ಎರಡೇ ಸೀಟು.

"ಒಂದು ನಂಗೆ, ಒಂದು ನಿಮ್ಮಕ್ಕಂಗೆ" ಎಂದರು.

ಮದುವೆಯಾದ ಮೇಲೆ ಭಾವನ ಬಾಯಿಂದ ಬಂದ ಮೊದಲ ಪ್ರೇಮದ ಮಾತು ಅದೇ ಎಂದು ಅಕ್ಕ ಆಮೇಲೆ ನನಗೆ ಹೇಳಿದಳು.

ಇಬ್ಬರೂ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟರು. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ಅರ್ಧ ಏರಿನಲ್ಲಿ ಕಾರು ಉಸಿರು ಕಟ್ಟಿ ನಿಂತಿತು. ಭಾವ ಸ್ಟೇರಿಂಗ್ ಹಿಡಿದರು, ಅಕ್ಕ ಇಳಿದು ನೂಕಿದಳು. ಸರಿಯಾಗಿ ಆ ಹೊತ್ತಿಗೆ ಮಗಳನ್ನು ಕೊಟ್ಟ ಮನೆಯ ಬೀಗರ ಜೀಪು ಎದುರಿಗೆ ಇಳಿದು ಬಂತು. ಬೀಗರು ಕೈ ಮುಗಿದರು. ಅಕ್ಕನ ಎರಡೂ ಕೈ ಡಿಕ್ಕಿಯ ಮೇಲಿದ್ದುದರಿಂದ ತಲೆ ಆಡಿಸಿದಳು.

ಮನೆಗೆ ಬಂದವಳೇ, "ಇದು ತಾನಾಗಿ ಆ ಬೆಟ್ಟ ಹತ್ತೋಗಂಟ ನಾನು ಇದ್ರಲ್ಲಿ ಕೂರಾಕಿಲ್ಲ" ಎಂದಳು. ಅಕ್ಕ ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳುವವಳಲ್ಲ.

ಭಾವನೂ ಆ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ. ಮಂಡಿಯ ಗೆಳೆಯರು ಒಂದು ರೌಂಡು ಹೋಗಿ ಬರೋಣವೆಂದರೆ "ಅದು ಅವಳ ಸೀಟು ಕಣ್ಲಾ" ಎನ್ನುತ್ತಿದ್ದರು. ಬಸ್ಸಿನಲ್ಲಿ ಸೀಟು ಹಿಡಿಯುವವರ ಹಾಗೆ ಅದರ ಮೇಲೆ ಟವೆಲ್ ಹಾಕಿಕೊಂಡು ಊರೆಲ್ಲ ಒಬ್ಬರೇ ಓಡಾಡಿದರು.

ಲೋಡು ಎಷ್ಟು

ಮೆಕ್ಯಾನಿಕ್ ಹಿಂದಿನ ಆಕ್ಸಲ್ ಬಿಚ್ಚಿದ. ಅದರೊಳಗೆ ಒಂದು ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಒಂದು ಚಿಕ್ಕದು. ಕ್ರೌನ್, ಪಿನಿಯನ್ ಎನ್ನುತ್ತಾರೆ. ಚಿಕ್ಕದು ಎಷ್ಟು ಸುತ್ತು ತಿರುಗಿದರೆ ದೊಡ್ಡದು ಒಂದು ಸುತ್ತು ತಿರುಗುತ್ತದೆ ಎಂಬುದೇ ರೇಶಿಯೊ. ಸುತ್ತು ಹೆಚ್ಚಿದ್ದರೆ ಗಾಡಿ ಏರು ಹತ್ತುತ್ತದೆ, ವೇಗ ಬರುವುದಿಲ್ಲ. ಕಡಿಮೆಯಿದ್ದರೆ ಓಡುತ್ತದೆ, ಏರು ಹತ್ತುವುದಿಲ್ಲ. ಇದ್ದದ್ದು ಓಟದ ಸೆಟ್, ಹಲ್ಲೂ ಸವೆದಿತ್ತು. "ಹೊಸಾದು ತರಿಸನ. ಯಾವ್ದು ಅಂತ ನೀವೇ ಹೇಳ್ಬುಡಿ" ಎಂದು ಮೆಕ್ಯಾನಿಕ್ ಕೈ ಒರೆಸಿಕೊಂಡ.

ಭಾವ ನನ್ನನ್ನು ಲಾರಿ ಸ್ಟ್ಯಾಂಡಿಗೆ ಎಳೆದುಕೊಂಡು ಹೋದರು. ಅಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಕೇರಳದ ಘಾಟಿಗಳಲ್ಲೇ ತಲೆ ನರೆತ ಡ್ರೈವರುಗಳು. ಹಿರಿಯನೊಬ್ಬ ಎಲ್ಲ ಕೇಳಿ, ಗ್ಲಾಸು ಕೆಳಗಿಟ್ಟು ಶಾಸ್ತ್ರೋಕ್ತವಾಗಿ ಶುರುಮಾಡಿದ.

"ಎಷ್ಟು ಟನ್ ಹಾಕೀರಿ?"

"ಟನ್ ಇಲ್ಲ. ಇಬ್ರು ಜನ."

"ಇಬ್ರು ಡ್ರೈವರು ಸರಿ. ಲೋಡು?"

"ಲೋಡಿಲ್ಲ ಕಣಣ್ಣಾ."

"ಬರುವಾಗ?"

"ಬರುವಾಗ್ಲೂ ಇಲ್ಲ."

ಡ್ರೈವರು ಕೆಳಗಿಟ್ಟ ಗ್ಲಾಸನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಮತ್ತೆ ಇದು ಯಾತಕ್ಕೆ ಓಡ್ತದೆ?"

ಇಷ್ಟು ವರ್ಷ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ.

ಹೂ ಕೇಳಿದ್ದು

ಮುಂದಿನ ಸರದಿ ನನ್ನದು. ಕಾರಿನ ತೂಕ, ಚಕ್ರದ ಅಳತೆ, ಏರಿನ ಓರೆ ಎಲ್ಲ ಹಾಕಿ ಭಾನುವಾರವಿಡೀ ಲೆಕ್ಕ ಮಾಡಿದೆ. ಮಧ್ಯದ ರೇಶಿಯೊ ಒಳ್ಳೆಯದೆಂದು ಬಂತು.

ಭಾವ ಹಾಳೆಯನ್ನು ತಿರುಗಿಸಿ ಹಿಂದೇನಾದರೂ ಬರೆದಿದೆಯೇ ಎಂದು ನೋಡಿದರು. "ಅಂದ್ರೆ ಬೆಟ್ಟಾನೂ ಅರೆಬರೆ, ಓಟಾನೂ ಅರೆಬರೆ. ಇದ್ಕೆ ಎಂಎಸ್ಸಿ ಓದ್ಬೇಕಾಗಿತ್ತಾ ಮೇಷ್ಟ್ರೇ?"

ವಿಜ್ಞಾನ ಸೋತ ಮೇಲೆ ಅಮ್ಮನ ಗುಡಿಗೆ ಹೋದೆವು. ನಮ್ಮ ಕಡೆ ದೇವರ ಹತ್ತಿರ ಹೂ ಕೇಳುವ ಪದ್ಧತಿಯಿದೆ. ಪ್ರಶ್ನೆ ಇಟ್ಟು ಕೂತಾಗ ದೇವರ ಬಲಗಡೆಯಿಂದ ಹೂ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಬೇಡ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಆದರೆ ನಾನು ಮಾಡಿಕೊಟ್ಟ ಲೆಕ್ಕದಲ್ಲಿ ಭಾವನಿಗೂ ನಂಬಿಕೆಯಿರಲಿಲ್ಲವಾದ್ದರಿಂದ ಸುಮ್ಮನೆ ಕೂತೆ.

"ಮದ್ವೆಯೋ, ಬೋರ್‌ವೆಲ್ಲೋ?" ಎಂದು ಪೂಜಾರಿ ಕೇಳಿದರು.

"ಕ್ರೌನ್ ಪಿನಿಯನ್ನು."

ಪೂಜಾರಿಗೆ ಏನೂ ಅನ್ನಿಸಲಿಲ್ಲ. "ಗಾಡಿ ಯಾವ್ದು?" ಎಂದು ಮಾತ್ರ ಕೇಳಿ ಆರತಿ ಬೆಳಗಿದರು. ಬಲಕ್ಕೆ ಬಿದ್ದರೆ ಬೆಟ್ಟದ ಸೆಟ್, ಎಡಕ್ಕೆ ಬಿದ್ದರೆ ಓಟದ್ದು ಎಂದು ಭಾವ ಗಟ್ಟಿಯಾಗಿ ಹೇಳಿ ಕಣ್ಣು ಮುಚ್ಚಿದರು. ಬಹಳ ಹೊತ್ತಾದ ಮೇಲೆ ಬಲಗಡೆಯಿಂದ ಒಂದು ಸೇವಂತಿಗೆ ಜಾರಿತು. ಅದು ನೆಲ ಮುಟ್ಟುವುದರೊಳಗೆ ಎಡಗಡೆಯಿಂದಲೂ ಒಂದು ಬಿತ್ತು.

ಪೂಜಾರಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಭಾವ ಮಾತ್ರ ಎರಡೂ ಹೂವನ್ನು ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡರು. "ನೋಡ್ದೇನ್ಲಾ, ಅಮ್ಮಂಗೂ ಎರಡೂ ಬೇಕಂತೆ."

ಒಂದೂವರೆ ಮೂಟೆ

ಕೊನೆಗೆ ಬೆಟ್ಟದ್ದೇ ಗೆದ್ದಿತು. ಸಿಗುವುದರಲ್ಲೆಲ್ಲ ಬಲವಾದದ್ದನ್ನು ತರಿಸಿ ಹಾಕಿಸಿದರು. "ವೇಗ ತಕ್ಕಂಡು ಏನ್ ಮಾಡನ, ಅವಳು ಕೂರ್ಬೇಕಲ್ಲ" ಎಂದರು.

ಪರೀಕ್ಷೆ ಮಾಡಬೇಕಿತ್ತು. ಅಕ್ಕ ಕೂರುವುದಿಲ್ಲ, ಅಕ್ಕನಷ್ಟು ತೂಕ ಮಾತ್ರ ಬೇಕು. ತೂಕ ಎಷ್ಟೆಂದು ಅವಳನ್ನೇ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆದರೆ ಭಾವ ಕಣ್ಣಳತೆಯಲ್ಲೇ ಬದುಕಿದ ಮನುಷ್ಯ. ಅಡುಗೆಮನೆಯ ಬಾಗಿಲಲ್ಲಿ ನಿಂತು, ರಾಗಿಮುದ್ದೆ ತಿರುವುತ್ತಿದ್ದ ಅಕ್ಕನನ್ನು ಬೆನ್ನ ಕಡೆಯಿಂದ ಒಮ್ಮೆ ನೋಡಿ ಬಂದು, "ಒಂದೂವರೆ ಮೂಟೆ" ಎಂದರು.

ಮಂಡಿಯಲ್ಲಿ ಒಂದೂವರೆ ಮೂಟೆ ಈರುಳ್ಳಿಯನ್ನು ಅಕ್ಕನ ಸೀಟಿನಲ್ಲಿ ಕೂರಿಸಿ ಹಗ್ಗ ಬಿಗಿದರು. ಸೀಟು ಕೊಳೆಯಾಗದಿರಲೆಂದು ಟವೆಲ್ ಅಡಿಗಿತ್ತು. ಕೇರಳದ ದಾರಿಯಲ್ಲಿ ನಮ್ಮ ಮದ್ದೂರು ಕಡೆಯ ಕಾಡಿನ ಏರುರಸ್ತೆಗೆ ಹೊರಟರು. ನಾನು ಮಂಡಿಯ ಬೈಕಿನಲ್ಲಿ ಹಿಂದೆ. ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಕೈ ಅಡ್ಡ ಹಿಡಿದ.

"ಈರುಳ್ಳಿ ಎಲ್ಲಿಗೆ ಸಾರ್?"

"ಎಲ್ಲಿಗೂ ಇಲ್ಲ. ಸುಮ್ನೆ ಒಂದು ಟ್ರಯಲ್ಲು."

"ಈರುಳ್ಳಿಗಾ?"

"ಅದು ಈರುಳ್ಳಿ ಅಲ್ಲಪ್ಪಾ, ನನ್ನ ಹೆಂಡ್ತಿ."

ಗಾರ್ಡ್ ಮೂಟೆಗೊಂದು ನಮಸ್ಕಾರ ಹಾಕಿ ಗೇಟು ಎತ್ತಿದ.

ಸುದ್ದಿ ನಮಗಿಂತ ಮುಂಚೆ ಮನೆ ಮುಟ್ಟಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ನನ್ನ ಜಾಗಕ್ಕೆ ಎಷ್ಟು ಮೂಟೆ ಹಾಕಿದ್ರಿ?"

ಭಾವ ಜಾಣತನ ಮಾಡಿದರು. "ಒಂದೇ."

"ಸುಳ್ಳು ಲೆಕ್ಕ ಹಾಕ್ಬೇಡಿ" ಎಂದಳು ಅಕ್ಕ. "ಆಮೇಲೆ ಬೆಟ್ಟದಲ್ಲಿ ನಿಂತ್ಕಂಡ್ರೆ ನೂಕೋಳು ನಾನು. ಇನ್ನರ್ಧ ಹಾಕ್ಕಂಡು ಇನ್ನೊಂದ್ಸಲ ಓಗ್ಬನ್ನಿ."

ಬೆಟ್ಟದಿಂದ ವಾಪಸ್

ಎರಡನೇ ಟ್ರಯಲ್ಲಿನಲ್ಲೂ ಕಾರು ಏರಿನಲ್ಲಿ ಎಲ್ಲೂ ನಿಲ್ಲಲಿಲ್ಲವೆಂದ ಮೇಲೆ ಅಕ್ಕ ಬೆಟ್ಟಕ್ಕೆ ಬರಲು ಒಪ್ಪಿದಳು. ಅದೇ ರೇಷ್ಮೆ ಸೀರೆ ಉಟ್ಟು, ಚಪ್ಪಲಿ ಮಾತ್ರ ನೂಕಲು ಅನುಕೂಲವಾದದ್ದು ಹಾಕಿಕೊಂಡು ಕೂತಳು.

ಸಂಜೆ ವಾಪಸು ಬರುತ್ತ ಇಬ್ಬರೂ ಚಾಮರಾಜನಗರದ ನಮ್ಮ ಮನೆಗೆ ಕಾಫಿಗೆ ಇಳಿದರು. ಭಾವನ ಮುಖ ನೋಡಿದರೇ ತಿಳಿಯುತ್ತಿತ್ತು.

"ಹತ್ತಿತು ಕಣ್ಲಾ" ಎಂದಳು ಅಕ್ಕ. "ಹೋದ್ಸಲ ನಿಂತಿದ್ದ ತಿರುವಲ್ಲಿ ನಾನು ಬಾಗಿಲ ಮೇಲೆ ಕೈ ಇಟ್ಕಂಡು ಕಾಯ್ತಾ ಇದ್ದೆ. ನಿಲ್ಲಲೇ ಇಲ್ಲ. ದೇವ್ರ ಹತ್ರ ಏನು ಕೇಳ್ಕಬೇಕು ಅಂತ್ಲೇ ಮರ್ತೋಯ್ತು."

ಭಾವ ಕಾಫಿ ಲೋಟದೊಳಗೆ ನೋಡುತ್ತ ನಕ್ಕರು. ಇಷ್ಟು ವರ್ಷ ನೋಡಿದ್ದೇನೆ, ಈರುಳ್ಳಿ ರೇಟು ಏರಿದಾಗಲೂ ಅವರು ಹಾಗೆ ನಕ್ಕವರಲ್ಲ.

ರಾತ್ರಿ ಊಟಕ್ಕೆ ಗುಂಡ್ಲುಪೇಟೆಗೆ ಬಾ ಎಂದು ಅಕ್ಕ ಕರೆದಳು. ಕಾರಿನಲ್ಲಿ ಮೂರನೆಯವನಿಗೆ ಜಾಗವಿಲ್ಲ. ಅವರು ಹೊರಟರು. ನಾನು ಸ್ನಾನ ಮಾಡಿ, ಬಟ್ಟೆ ಬದಲಿಸಿ, ನಿಧಾನವಾಗಿ ಬಸ್ ಸ್ಟ್ಯಾಂಡಿಗೆ ನಡೆದು, ಸರ್ಕಾರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ.

ಉಡಿಗಾಲದ ಹತ್ತಿರ ಮುಂದೆಲ್ಲೋ ವಿಮಾನ ಏರುವಂಥ ಸದ್ದು ಕೇಳಿತು. ಬಸ್ಸಿನವರೆಲ್ಲ ಕತ್ತು ಚಾಚಿದರು. ಕೆಂಪು ಕಾರು. ಇಂಜಿನ್ ಊರು ಹಾರಿಸುವಂತೆ ಅರಚುತ್ತಿತ್ತು, ಚಕ್ರಗಳು ಮಾತ್ರ ವಾಯುವಿಹಾರಕ್ಕೆ ಬಂದವರಂತೆ ಉರುಳುತ್ತಿದ್ದವು. ಬೆಟ್ಟದ ರೇಶಿಯೊ ಸಮತಟ್ಟು ರಸ್ತೆಯಲ್ಲಿ ತನ್ನ ಸ್ವಭಾವ ತೋರಿಸಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೊಂದು ಅದನ್ನು ದಾಟಿ ಹೋಯಿತು. ಭಾವ ಎರಡೂ ಕೈಲಿ ಸ್ಟೇರಿಂಗ್ ಹಿಡಿದು, ರೇಸಿನಲ್ಲಿರುವವರಂತೆ ಮುಂದಕ್ಕೆ ಬಾಗಿ, ಪರಮಾನಂದದಲ್ಲಿದ್ದರು.

ಬಸ್ಸು ಪಕ್ಕಕ್ಕೆ ಬರುತ್ತಿದ್ದ ಹಾಗೆ ಅಕ್ಕ ಸೀಟಿನಿಂದಲೇ ಕೈ ಅಡ್ಡ ಹಾಕಿದಳು. ಬಸ್ಸು ನಿಂತಿತು. ಕಾರು ನಿಂತಿತು. ಅಕ್ಕ ಭಾವನ ಭುಜ ತಟ್ಟಿ, "ಮುದ್ದೆಗೆ ಎಸರು ಇಟ್ಟಿರ್ತೀನಿ, ನೀವು ಬನ್ನಿ" ಎಂದು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿದಳು. ಭಾವ ಖುಷಿಯಿಂದ ತಲೆಯಾಡಿಸಿ ಮತ್ತೆ ಆಕ್ಸಿಲರೇಟರ್ ಒತ್ತಿದರು.

ಕಂಡಕ್ಟರಿಗೆ ಕನಿಕರವಾಯಿತು. "ಏನಮ್ಮಾ, ಕಾರು ಕೆಟ್ಟೋಯ್ತಾ?"

"ಕೆಟ್ಟಿದ್ರೆ ರಿಪೇರಿ ಆಗೋಗಂಟ ಕಾಯ್ಬೋದಿತ್ತು" ಎಂದಳು ಅಕ್ಕ, ನನ್ನನ್ನು ಒತ್ತರಿಸಿ ಕೂರುತ್ತ. "ಓಡ್ತಾ ಅದೆ ಕಣಪ್ಪಾ."