ಕೊಸರಿಲ್ಲದ ಅಂಗಡಿಯ ಸದಸ್ಯತ್ವ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ನನಗೇ ಗೊತ್ತಿಲ್ಲ. ಅದರ ಬಗ್ಗೆಯೂ ಒಂದು ಅನುಮಾನವಿದೆ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಟಿಕೆಟ್ ತಪಾಸಣೆ ಮಾಡುವುದು ನನ್ನ ಕೆಲಸ. ಮಲಗಿದವರಲ್ಲಿ ನಿಜವಾಗಿ ನಿದ್ದೆ ಬಂದವರು ಯಾರು, ನನ್ನ ಕರಿ ಕೋಟು ಕಂಡ ಮೇಲೆ ನಿದ್ದೆ ಬಂದವರು ಯಾರು ಎಂದು ದೂರದಿಂದಲೇ ಹೇಳಬಲ್ಲೆ. ಈ ಅಭ್ಯಾಸ ಕೋಟಿನ ಜೊತೆ ಗೂಟಕ್ಕೆ ನೇತುಬೀಳುವುದಿಲ್ಲ, ನನ್ನ ಜೊತೆ ಮನೆಯೊಳಕ್ಕೂ ಬರುತ್ತದೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎನ್ನಿಸುತ್ತದೆ, ನಗದಿದ್ದರೆ ಹೆಚ್ಚು ಬಿದ್ದಿದೆ ಎನ್ನಿಸುತ್ತದೆ. ಆದರೂ ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಈ ಗುಣವೇ ನನಗೊಂದು ಹೆಸರು ತಂದುಕೊಟ್ಟಿದೆ. 'ಟೀಸಿ ಸಾರ್‌ನ ಯಾಮಾರ್ಸಕ್ಕೆ ಯಾರ್ ಕೈಲೂ ಆಗಲ್ಲ' ಎನ್ನುತ್ತಾರೆ. ಮನೆ ಬಾಡಿಗೆಯದು, ಸ್ಕೂಟರು ಹಳೆಯದು. ಸ್ವಂತದ್ದು ಅಂತ ನನಗಿರುವುದು ಈ ಹೆಸರೊಂದೇ.

ಈ ಹೆಸರು ಗಳಿಸಿದ್ದು ಹೆಚ್ಚಾಗಿ ಬೀದಿ ತಿರುವಿನ ಓಬಣ್ಣನ ದಿನಸಿ ಅಂಗಡಿಯಲ್ಲಿ. ಅವನು ತೂಗುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತೇನೆ. ಹಿಂದೆ ತಕ್ಕಡಿಯ ಮುಳ್ಳು ನೋಡುತ್ತಿದ್ದೆ, ಈಗ ಮೆಷಿನ್ನಿನ ಕೆಂಪು ಅಂಕಿ ನೋಡುತ್ತೇನೆ. ತೂಕ ಸರಿಬಂದರೂ ಬಿಡುವವನಲ್ಲ, ಕೊಸರು ಕೇಳುತ್ತೇನೆ. ತೂಕವೆಲ್ಲ ಮುಗಿದ ಮೇಲೆ ಮೇಲಿಂದ ಒಂದು ಹಿಡಿ ಹಾಕಿಸಿಕೊಳ್ಳದೆ ಅಂಗಡಿ ಇಳಿಯುವುದು ನಮ್ಮ ಕಡೆ ಗಿರಾಕಿಗೆ ಅವಮಾನ. ಓಬಣ್ಣ ನಿಟ್ಟುಸಿರಿನ ಜೊತೆ ಹಾಕುತ್ತಾನೆ. ಆ ನಿಟ್ಟುಸಿರೂ ನಾಟಕವೆಂದು ನನಗೆ ಗೊತ್ತು.

ಹೀಗೆ ನೆಮ್ಮದಿಯಾಗಿ ಎಲ್ಲರನ್ನೂ ಅನುಮಾನಿಸಿಕೊಂಡಿದ್ದಾಗ ಚಿತ್ರದುರ್ಗದ ಬೈಪಾಸಿನಲ್ಲಿ ಒಂದು ದೊಡ್ಡ ಗೋದಾಮು ಅಂಗಡಿ ತೆರೆಯಿತು. ಎಲ್ಲವೂ ಸಗಟು, ಎಲ್ಲವೂ ಅಗ್ಗ, ಆದರೆ ಒಳಗೆ ಹೋಗಬೇಕಾದರೆ ವರ್ಷಕ್ಕಿಷ್ಟು ಅಂತ ಕಟ್ಟಿ ಕಾರ್ಡು ಮಾಡಿಸಬೇಕು. ನನ್ನ ಹೆಂಡತಿ ಗಿರಿಜೆಗೆ ಈ ಸುದ್ದಿ ತಂದವರು ಎದುರುಮನೆಯ ರುದ್ರಮ್ಮ. ನನಗೆ ಕೇಳಿದ ಕೂಡಲೇ ಕಿವಿ ನೆಟ್ಟಗಾಯಿತು. ಅಂಗಡಿಗೆ ಹೋಗುವುದಕ್ಕೇ ದುಡ್ಡೇ? ಇದು ಪ್ಲಾಟ್‌ಫಾರ್ಮ್ ಟಿಕೆಟ್ಟಾಯಿತು. ಅದನ್ನು ಕೊಂಡವನು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ, ಸುಮ್ಮನೆ ನಿಂತು ಬೇರೆಯವರಿಗೆ ಕೈ ಬೀಸಿ ವಾಪಸು ಬರುತ್ತಾನೆ. ಇದನ್ನು ವಿಸ್ತಾರವಾಗಿ ವಿವರಿಸಿದೆ. ಗಿರಿಜೆ ಕೇಳಿಸಿಕೊಂಡು, "ನಾಲ್ಕು ಮನೆಯೋರು ಸೇರಿ ಒಂದೇ ಕಾರ್ಡು ಮಾಡಿಸೋದು ಅಂತ ಮಾತಾಗೈತೆ ಕಣ್ರೀ. ನಿಮ್ಮ ಹೆಸರಲ್ಲೇ" ಎಂದಳು.

"ನನ್ನ ಹೆಸರಲ್ಲೇ ಯಾಕೆ?"

ಉತ್ತರವನ್ನು ಬಾಗಿಲಲ್ಲೇ ನಿಂತಿದ್ದ ರುದ್ರಮ್ಮ ಕೊಟ್ಟರು. "ನೀನು ಯಾರನ್ನೂ ನಂಬಲ್ವಲ್ಲಪ್ಪ, ಅದ್ಕೇ ನಿನ್ನ ನಂಬಬೋದು. ತರೋದು, ಪಾಲು ಮಾಡೋದು ಎಲ್ಲ ನಿಂದೇ."

ಹೊಗಳಿಕೆಯನ್ನು ನಾನು ಸಾಮಾನ್ಯವಾಗಿ ತಿರುಗಿಸಿ ನೋಡಿಯೇ ತೆಗೆದುಕೊಳ್ಳುವುದು. ಅವತ್ತು ಮಾತ್ರ ನೋಡದೆ ಜೇಬಿಗಿಟ್ಟೆ.

ಭಾನುವಾರ ಪಕ್ಕದ ಮನೆಯ ತಿಪ್ಪೇಸ್ವಾಮಿಯ ಓಮ್ನಿಯಲ್ಲಿ ಹೊರಟೆವು. ಒಳಗೆ ಕಾಲಿಟ್ಟರೆ ಸೂರು ನಮ್ಮ ಸ್ಟೇಷನ್ನಿನದ್ದಕ್ಕಿಂತ ಎತ್ತರ. ಯಾವುದೂ ಮನುಷ್ಯರ ಅಳತೆಯಲ್ಲಿರಲಿಲ್ಲ. ಇಂಗಿನ ಡಬ್ಬಿಯೊಂದನ್ನು ಎತ್ತಿ ನೋಡಿದೆ; ಅದು ಮುಗಿಯುವಷ್ಟು ಸಾರು ಕುಡಿಯಲು ನನಗೆ ಆಯುಷ್ಯ ಸಾಲದು. ಅಗ್ಗವಿದೆಯಲ್ಲ ಎಂದು ತಿಪ್ಪೇಸ್ವಾಮಿ ಎರಡಾಳೆತ್ತರದ ಏಣಿಯೊಂದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವನ ಮನೆಗೆ ಮಹಡಿಯಿಲ್ಲ. "ಮುಂದೆ ಕಟ್ಟಿಸ್ದಾಗ ಬೇಕಾಗ್ತದೆ ಸಾರ್" ಎಂದ. ಕೈಹಿಡಿದು ಎಳೆದುಕೊಂಡು ಬಂದೆ. ತೊಗರಿಬೇಳೆ, ಶೇಂಗಾ, ಸಕ್ಕರೆ, ಮೂರರದ್ದೂ ಒಂದೊಂದು ಮೂಟೆ ಅಂಗಡಿಯ ತಳ್ಳುಗಾಡಿಗೆ ಹಾಕಿಸಿದೆವು. ಹೊರಬಾಗಿಲಲ್ಲಿ ಒಬ್ಬ ಹುಡುಗಿ ತಡೆದಳು. ಬಿಲ್ಲು ನೋಡಿದಳು, ಗಾಡಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ದುಡ್ಡು ಕೊಟ್ಟು ಒಳಗೆ ಹೋಗಿ, ದುಡ್ಡು ಕೊಟ್ಟು ಸಾಮಾನು ಕೊಂಡು, ಕೊನೆಗೆ ಕಳ್ಳನ ಹಾಗೆ ನಿಲ್ಲಬೇಕಾಯಿತಲ್ಲ ಎಂದು ಮೈ ಉರಿಯಿತು. ಇಷ್ಟು ವರ್ಷ ನಾನು ತಡೆದು ನಿಲ್ಲಿಸಿದವರಿಗೆಲ್ಲ ಹೀಗೇ ಆಗಿರಬೇಕು ಎಂದೂ ಅನ್ನಿಸಿತು. ಆದರೆ ಅವರಲ್ಲಿ ಬಹಳ ಜನರ ಹತ್ತಿರ ಟಿಕೆಟ್ ಇರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಪಾಲು ಮಾಡುವುದು ನಮ್ಮ ಜಗುಲಿಯ ಮೇಲೆ. ತಕ್ಕಡಿ ಯಾರ ಮನೆಯಲ್ಲೂ ಇಲ್ಲ. ತಿಪ್ಪೇಸ್ವಾಮಿ ಕಿಂಚಿತ್ತೂ ಸಂಕೋಚವಿಲ್ಲದೆ ಓಬಣ್ಣನ ಅಂಗಡಿಗೇ ಹೋಗಿ ಅಟ್ಟದ ಮೇಲಿದ್ದ ಹಳೇ ತಕ್ಕಡಿ, ತೂಕದ ಕಲ್ಲು ಇಸಿದುಕೊಂಡು ಬಂದ. ಅವನ ವ್ಯಾಪಾರ ತಪ್ಪಿಸಲು ಅವನದ್ದೇ ತಕ್ಕಡಿ! ಓಬಣ್ಣ ಯಾಕೆ ಅಂತಲೂ ಕೇಳದೆ ಕೊಟ್ಟನಂತೆ. ಅದೇ ನನಗೆ ಸರಿಬರಲಿಲ್ಲ.

ನಾಲ್ಕು ಮನೆಯವರೂ ಪಾತ್ರೆ, ಚೀಲ ಹಿಡಿದು ಸುತ್ತ ಕುಳಿತರು. ಬೇಳೆ ಮೂಟೆ ಬಿಚ್ಚಿದೆ. ಮುಳ್ಳು ನಡುವೆ ನಿಂತು ಅಲುಗಾಡುವುದು ಬಿಟ್ಟ ಮೇಲೆಯೇ ತಟ್ಟೆ ಎತ್ತಿ ರುದ್ರಮ್ಮನವರ ಪಾತ್ರೆಗೆ ಸುರಿದೆ. ಅವರು ಪಾತ್ರೆ ತೆಗೆಯಲಿಲ್ಲ. "ಕೊಸರು ಹಾಕಪ್ಪ" ಎಂದರು.

"ಕೊಸರು ಎಲ್ಲಿಂದ ತರ್ಲಿ ರುದ್ರಮ್ಮಾರೆ? ಇದು ಅಂಗಡಿ ಅಲ್ಲ, ನಾಲ್ಕೂ ಜನದ್ದೇ ಬೇಳೆ."

"ತಕ್ಕಡಿ ಹಿಡ್ದೋನು ಹಂಗನ್ನಬಾರ್ದು. ಓಬಣ್ಣನ ತಾವ ನೀನೇ ಕೇಳ್ತಿಯಲ್ಲ?"

ಎಲ್ಲರೂ ನಕ್ಕರು. ನಗುವಿಗೆ ಹೆದರಿ ಒಂದು ಹಿಡಿ ಹಾಕಿದೆ. ತಿಪ್ಪೇಸ್ವಾಮಿಯ ಸರದಿ ಬಂದಾಗ ಅವನು ಬಾಯಿಬಿಟ್ಟು ಕೇಳಲಿಲ್ಲ, ಚೀಲದ ಬಾಯಿ ಹಾಗೇ ತೆರೆದು ಹಿಡಿದುಕೊಂಡ. ಅವನಿಗೂ ಹಾಕಿದೆ. ಹಿಂದಿನ ಬೀದಿಯ ಗೌರಮ್ಮ ಟೀಚರು, "ರುದ್ರಮ್ಮಂಗೆ ಹಾಕಿದ್ದು ದೊಡ್ಡ ಹಿಡಿ, ನಂಗೆ ಸಣ್ಣದಾತು" ಎಂದರು. ಅದನ್ನು ಸರಿಮಾಡಹೋಗಿ ದೊಡ್ಡದಾಯಿತು. ಆಗ ರುದ್ರಮ್ಮನಿಗೆ ಇನ್ನೊಂದು ಚೂರು. ಶೇಂಗಾದಲ್ಲೂ ಇದೇ ಕತೆ, ಸಕ್ಕರೆಯಲ್ಲೂ ಇದೇ ಕತೆ. ಕೊನೆಯ ಪಾಲು ನಮ್ಮದು. ಮೂಟೆ ತಲೆಕೆಳಗು ಮಾಡಿ ಕೊಡವಿದರೂ ಮುಳ್ಳು ನಮ್ಮ ಕಡೆ ಬರಲೇ ಇಲ್ಲ. ಗಿರಿಜೆ ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

ನಷ್ಟವಾದದ್ದಕ್ಕೆ ನನಗೆ ಬೇಸರವಿರಲಿಲ್ಲ. ಬೇಸರವಾದದ್ದು ಎರಡು ದಿನ ಬಿಟ್ಟು, ನಲ್ಲಿಯ ಹತ್ತಿರ ರುದ್ರಮ್ಮ ಗೌರಮ್ಮ ಟೀಚರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿದ್ದಾಗ. "ಕಾರ್ಡು ಟೀಸಿ ಹೆಸರಲ್ಲೈತೆ. ಏನೂ ಗಿಟ್ದೆ ಅಷ್ಟೊಂದು ಕೊಸರು ಯಾರಾದ್ರೂ ಹಾಕ್ತಾರೇನು?" ನಾನು ನಿಂತಲ್ಲೇ ನಿಂತೆ. ಕೊಸರು ಹಾಕದಿದ್ದರೆ ಜಿಪುಣ, ಹಾಕಿದರೆ ಕಳ್ಳ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಒಂದು ಮೂಟೆ ಬೇಳೆಯಲ್ಲಿ ಹೋಯಿತು. ಇನ್ನೂ ಹೊಟ್ಟೆ ಉರಿಸಿದ್ದೆಂದರೆ, ರುದ್ರಮ್ಮನ ಜಾಗದಲ್ಲಿ ನಾನಿದ್ದರೂ ಅದೇ ಮಾತನ್ನೇ ಆಡುತ್ತಿದ್ದೆ.

ತಿಂಗಳು ತುಂಬುವ ಮೊದಲೇ ನಮ್ಮ ಮನೆಯ ಬೇಳೆ ಮುಗಿಯಿತು. ತಕ್ಕಡಿ ವಾಪಸು ಕೊಡುವ ನೆಪ ಮಾಡಿಕೊಂಡು ಓಬಣ್ಣನ ಅಂಗಡಿಗೆ ಹೋದೆ. "ಬರ್ರಿ ಸಾರ್, ಕುಂತ್ಕಳ್ರಿ" ಎಂದ. ಒಂದು ಮಾತು ಚುಚ್ಚಿದ್ದರೆ ನನಗೂ ಹಗುರವಾಗುತ್ತಿತ್ತು, ಚುಚ್ಚಲಿಲ್ಲ. ಅವನ ಬೆನ್ನ ಹಿಂದೆ ನೋಡುತ್ತೇನೆ, ನಾವು ಬೈಪಾಸಿನಿಂದ ತಂದ ಗುರುತಿನದ್ದೇ ಬೇಳೆ ಮೂಟೆ.

"ಇದು ಅಲ್ಲಿಂದಲೇ?"

"ಹೂಂ ಸಾರ್. ನಂದೂ ಐತಲ್ಲ ಕಾರ್ಡು. ಒಂದು ಅಂಗಡಿ ಮಾಲು ತರೋನಿಗೆ ಪರವಾಗಿಲ್ಲ, ಗಿಟ್ತದೆ. ಮನೆಯೋರಿಗೆ ಯಾಕೆ ಬೇಕ್ರಿ ಅದು?"

ಅವನು ತೂಗತೊಡಗಿದ. ನನ್ನ ಕಣ್ಣು ಅಭ್ಯಾಸಬಲದಿಂದ ಕೆಂಪು ಅಂಕಿಯ ಕಡೆ ಹೊರಟಿತು. ಜಗುಲಿಯ ಮೇಲೆ ನಾಲ್ಕು ಮನೆಯವರ ಕಣ್ಣು ನನ್ನ ಕೈ ಮೇಲೆ ನೆಟ್ಟಿದ್ದದ್ದು ನೆನಪಾಯಿತು. ಪಾಪ, ಇವನು ದಿನವೆಲ್ಲ ಇದನ್ನೇ ಅನುಭವಿಸುತ್ತಾನಲ್ಲ ಎನ್ನಿಸಿತು. ಕಣ್ಣನ್ನು ಬಲವಂತವಾಗಿ ಎತ್ತಿ ಸೂರು ನೋಡುತ್ತ ನಿಂತೆ. ಕೊಸರೂ ಕೇಳಲಿಲ್ಲ. ಓಬಣ್ಣ ತಾನಾಗಿಯೇ ಒಂದು ಹಿಡಿ ಹಾಕಿ, ನಿಟ್ಟುಸಿರೂ ಬಿಡದೆ ಪೊಟ್ಟಣ ಕಟ್ಟಿ ಕೊಟ್ಟ.

ಮನಸ್ಸು ತುಂಬಿ ಬಂದು ಅಂಗಡಿಯ ಮೆಟ್ಟಿಲಿಳಿದೆ. ಮಾರಿಗುಡಿ ದಾಟುವ ತನಕ ಆ ತುಂಬಿದ ಮನಸ್ಸು ಹಾಗೇ ಇತ್ತು. ಅಲ್ಲಿಂದಾಚೆಗೆ ಕಾಲು ನಿಧಾನವಾಯಿತು. ಯಾವತ್ತೂ ಕೇಳದೆ ಹಾಕದವನು ಇವತ್ತು ತಾನಾಗಿಯೇ ಯಾಕೆ ಹಾಕಿದ? ನಾನು ಸೂರು ನೋಡುತ್ತಿದ್ದಾಗ ಮೆಷಿನ್ನು ಎಷ್ಟು ತೋರಿಸುತ್ತಿತ್ತು?

ಬಾಗಿಲಲ್ಲಿ ಗಿರಿಜೆ ಪೊಟ್ಟಣವನ್ನು ಕೈಯಲ್ಲೇ ಎತ್ತಿ ತೂಕದ ಅಂದಾಜು ನೋಡಿ, ನನ್ನ ಮುಖವನ್ನೊಮ್ಮೆ ನೋಡಿ, "ಯಾಕ್ರೀ, ದಾರೀಲಿ ಯಾರಿಗಾದ್ರೂ ಕೊಸರು ಹಾಕ್ಬಂದ್ರಾ?" ಎಂದಳು.