ಎಸರು ಕುಡಿದ ಪಿಜ್ಜಾ

ಇನ್ನು ಮೇಲೆ ಈ ಮನೆಯಲ್ಲಿ ಹಿಟ್ಟಿಗೆ ಕೈ ಸೋಕಿಸುವುದಿಲ್ಲ ಎಂದು ಯರಗುಪ್ಪಿಯ ಶಿವಗಂಗಾ, ದೇವರ ಜಗಲಿಯ ಮುಂದೆ ನಿಂತೇ ಘೋಷಿಸಿದಳು. ಪುಣೆಯ ತಮ್ಮ ಕಳಿಸಿದ ಬ್ರೆಡ್ ಮಷೀನು ಅಡುಗೆ ಕಟ್ಟೆಯ ಮೇಲೆ ಬಿಳಿ ಬಸವಣ್ಣನಂತೆ ಕುಳಿತಿತ್ತು.

ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಯಿಂದ ನಾದಿನಿ ಭಾಗ್ಯಾ ಇಬ್ಬರು ಮಕ್ಕಳೊಂದಿಗೆ ಬರುವವಳಿದ್ದಳು. ಹೋದ ಸಲ ಮಕ್ಕಳು ಪಿಜ್ಜಾಕ್ಕೆ ಹಟ ಹಿಡಿದಾಗ, "ಈ ಊರಾಗ ಎಲ್ಲಿಂದ ತರ್ಲಿ? ಸುಮ್ನ ರೊಟ್ಟಿ ತಿನ್ರಿ" ಎಂದು ಭಾಗ್ಯಾ ಅಂದುಬಿಟ್ಟಿದ್ದಳು. ಆ ಮಾತು ಶಿವಗಂಗಾಳ ಹೊಟ್ಟೆಯಲ್ಲಿ ಆರು ತಿಂಗಳಿಂದ ಹುದುಗುತ್ತಿತ್ತು.

ಪಿಜ್ಜಾಕ್ಕೆಂದು ಮೈದಾ, ಉಪ್ಪು, ಸಕ್ಕರೆ, ಎಣ್ಣೆ, ಈಸ್ಟ್ ಎಲ್ಲವನ್ನೂ ಅಳೆದಳು. ಕೈ ತಾನಾಗಿ ಒಲೆಯ ಮೇಲಿನ ನೀರಿಗೆ ಹೋಯಿತು. ಸುರಿದು ಗುಂಡಿ ಒತ್ತಿದಳು. ಮಷೀನು ಗುರ್ರೆಂದಿತು.

ಅತ್ತೆ ಸಣ್ಣವ್ವ ಬೆರಗಾಗಿ ನೋಡಿದಳು. "ಪಾಪ, ಕೈ ಇಲ್ದ ಎಷ್ಟು ಛಲೋ ನಾದಾಕತ್ತೈತಿ!" ಎಂದು ಅದರ ಹಣೆಗೆ ವಿಭೂತಿ ಹಚ್ಚಿದಳು.

"ಅತ್ಯಾರ, ಇನ್ನ ನೀವು ಕುಂತು ಜಪ ಮಾಡ್ರಿ. ನಾದೂದು, ಉಬ್ಬಿಸೂದು ಎಲ್ಲಾ ಇದರ ಕೆಲಸ."

ಒಂದೂವರೆ ತಾಸಿಗೆ ಮಷೀನು ಕೂಗಿತು. ಶಿವಗಂಗಾ ಮುಚ್ಚಳ ತೆಗೆದಳು. ಉಬ್ಬಿ ಮೇಲೇಳಬೇಕಾದ ಹಿಟ್ಟು ತಳದಲ್ಲಿ ಉಂಡು ಮಲಗಿದ ಎಮ್ಮೆಯಂತೆ ಬಿದ್ದಿತ್ತು.

"ಮಷೀನು ಕೆಟ್ಟೈತ್ರಿ."

"ಅದಕ್ಯಾಕ ಬೈತಿ? ನೀ ಎಸರು ಸುರದಿದ್ದು ನಾ ನೋಡೀನಿ. ಅಗದಿ ಕೊತಕೊತ ಕುದೀತಿತ್ತು."

ಶಿವಗಂಗಾ ಒಲೆಯತ್ತ ತಿರುಗಿ ನೋಡಿದಳು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದರೇ ರೊಟ್ಟಿ ಬಿರಿಯದೆ ಬರುವುದು. ಇಪ್ಪತ್ತು ವರ್ಷ ಹಾಗೆ ಹೊಯ್ದ ಕೈ, ಇಂದೂ ಯಾರನ್ನೂ ಕೇಳದೆ ಹೊಯ್ದಿತ್ತು. ಉಗುರುಬೆಚ್ಚಗಿನ ನೀರು ಬೇಡುವ ಈಸ್ಟ್ ಮೊದಲ ಗುಟುಕಿಗೇ ಶಿವನ ಪಾದ ಸೇರಿತ್ತು.

"ನೋಡಿದವ್ರು ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ರೊಟ್ಟಿಗೆ ಹಂಗ ಹೊಯ್ತೀವಲ್ಲ. ಸರಿ ಮಾಡಿದವ್ರಿಗೆ ಏನ ಹೇಳ್ಲಿ?"

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಶಿವಗಂಗಾ ಅಳುವುದೊಂದೇ ಬಾಕಿ. ಸಣ್ಣವ್ವ ಸೆರಗು ಸಿಕ್ಕಿಸಿ, ಸತ್ತ ಹಿಟ್ಟನ್ನು ಉಂಡೆ ಮಾಡಿ ತಟಪಟ ತಟ್ಟಿ ಹಂಚಿಗೆ ಹಾಕಿದಳು. ಸಾಸಿನ ಬದಲು ಮನೆಯ ಕೆಂಪು ಮೆಣಸಿನಕಾಯಿ ಚಟ್ನಿ, ಅದರ ಮೇಲೆ ಉಳ್ಳಾಗಡ್ಡಿ, ಶಿವಗಂಗಾ ಮೊದಲೇ ತರಿಸಿಟ್ಟಿದ್ದ ಚೀಸ್, ಮೇಲೊಂದು ಮುಚ್ಚಳ. ಹಿಟ್ಟು ಮುಟ್ಟುವುದಿಲ್ಲವೆಂದವಳು ಮೊಣಕೈವರೆಗೆ ಹಿಟ್ಟಾಗಿ ಪಕ್ಕದಲ್ಲಿ ತಟ್ಟುತ್ತಿದ್ದಳು.

ಮಕ್ಕಳು ಮೂಗು ಸುರಿಸುತ್ತ ಮೂರು ಮೂರು ತಿಂದರು. ಭಾಗ್ಯಾ ಬೆರಳು ನೆಕ್ಕಿದಳು. "ವೈನಿ, ಹುಬ್ಬಳ್ಯಾಗೂ ಹಿಂತಾದ್ದು ತಿಂದಿಲ್ರಿ. ಆ ಮಷೀನು ಎಲ್ಲಿ ಸಿಗತೈತಿ, ನನಗೂ ಹೇಳ್ರಿ."

ಆರು ತಿಂಗಳು ಕಾದ ಮಾತು ಅದು. ಹೂಂ ಎಂದರೆ ಮುಗಿಯಿತು. ಆದರೆ ಹಣೆಗೆ ವಿಭೂತಿ ಹೊತ್ತ ಮಷೀನು ಅವಳನ್ನೇ ನೋಡುತ್ತಿತ್ತು. ಅದರ ಮುಂದೆ ಸುಳ್ಳು ಹೇಗೆ ಹೇಳುವುದು?

"ಅದು ಹಿಟ್ಟು ನಾದಿದ್ದಷ್ಟ, ಭಾಗ್ಯಾ. ಖರೇ ಮಷೀನು ಅಲ್ಲಿ ಕುಂತೈತಿ ನೋಡ್ರಿ" ಎಂದು ಅತ್ತೆಯನ್ನು ತೋರಿಸಿದಳು.

ಸಣ್ಣವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಈ ಮಷೀನಿಗೆ ಕರೆಂಟ್ ಬ್ಯಾಡವ್ವ, ಒಂದು ಕಪ್ ಚಾ ಸಾಕು. ನೀರು ಛಲೋ ಕುದಿಸು ಗಂಗಾ, ಅದು ನಿನಗ ಬರತೈತಿ."